ಹತ್ತೇ ದಿನದಲ್ಲಿ ಒಬ್ಬರೇ ಬರೆದ ಸಾಫ್ಟ್‌ವೇರ್? ‘ಗಿಟ್’ ಹುಟ್ಟಿದ ಕಥೆಯಲ್ಲಿ ನಿಜ ಎಷ್ಟು?

ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಈ ಧಾಟಿಯ ಸಂದೇಶವೊಂದು ಬಂದಿರಬಹುದು: “ಬಳಸುತ್ತಿದ್ದ ಸಾಫ್ಟ್‌ವೇರ್ ಕೈಕೊಟ್ಟಿತು. ಲಿನಸ್ ಟೊರ್ವಾಲ್ಡ್ಸ್ ಸಿಟ್ಟಿನಿಂದ ಬಾಗಿಲು ಹಾಕಿಕೊಂಡು ಕೂತರು. ಹತ್ತು ದಿನ ಬಿಟ್ಟು ಹೊರಗೆ ಬಂದಾಗ ಜಗತ್ತಿನ ಎಂಜಿನಿಯರುಗಳೆಲ್ಲ ಬಳಸುವ ‘ಗಿಟ್’ ಸಿದ್ಧವಾಗಿತ್ತು! ನೀವು ಹತ್ತು ದಿನದಲ್ಲಿ ಏನು ಮಾಡಿದಿರಿ?” ಕೆಲವು ಸಂದೇಶಗಳಲ್ಲಿ ಹತ್ತು ದಿನ ಇಳಿದು ‘ಒಂದೇ ವಾರಾಂತ್ಯ’ ಆಗಿರುತ್ತದೆ.

ಓದಲು ರೋಮಾಂಚನ ಆಗುತ್ತದೆ. ಆದರೆ ಈಗಷ್ಟೇ ಕೋಡಿಂಗ್ ಕಲಿಯಲು ಹೊರಟ ಹುಡುಗ ಹುಡುಗಿಯರು ಇದನ್ನು ಓದಿ, ‘ಇದು ನಮ್ಮಂಥವರಿಗಲ್ಲ’ ಎಂದುಕೊಂಡರೆ ಅದು ನಷ್ಟ. ಆದ್ದರಿಂದ ಈ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಉಪ್ಪು-ಖಾರ ಎಂದು ಒಂದೊಂದಾಗಿ ಬಿಡಿಸಿ ನೋಡೋಣ.

ಚುಟುಕಾಗಿ ಉತ್ತರ

ಹತ್ತು ದಿನದ ಮಾತು ಪೂರ್ತಿ ಸುಳ್ಳಲ್ಲ. 2005ರ ಏಪ್ರಿಲ್ 3ರಂದು ಕೆಲಸ ಶುರುವಾಗಿ, ಏಪ್ರಿಲ್ 7ರ ಹೊತ್ತಿಗೆ ಗಿಟ್‌ನ ಮೊದಲ ರೂಪ ಓಡುತ್ತಿತ್ತು. ಆದರೆ ಆ ಮೊದಲ ರೂಪವನ್ನು ಇಂದಿನ ಎಂಜಿನಿಯರ್ ಒಬ್ಬರ ಕೈಗೆ ಕೊಟ್ಟರೆ, ‘ಇದು ಗಿಟ್ ಅಲ್ಲವೇ ಅಲ್ಲ’ ಎನ್ನುತ್ತಾರೆ. ಅದರ ಹಿಂದೆ 33 ವರ್ಷಗಳಲ್ಲಿ ಬೇರೆಯವರು ಮಾಡಿದ ಕೆಲಸ ಇತ್ತು. ಅದರ ಮುಂದೆ ಇನ್ನೂ ಹಲವರ ಎಂಟೂವರೆ ತಿಂಗಳ ದುಡಿಮೆ ಇತ್ತು. ಆಮೇಲಷ್ಟೇ ‘1.0’ ಎಂಬ ಆವೃತ್ತಿ ಹೊರಬಂತು. ಜೊತೆಗೆ, ಬೀಜ ಹಾಕಿದವರು ನಾಲ್ಕೇ ತಿಂಗಳಲ್ಲಿ ಅದನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದ್ದರು. ಸಂದೇಶಗಳಲ್ಲಿ ಆ ಇನ್ನೊಬ್ಬರ ಹೆಸರೇ ಇರುವುದಿಲ್ಲ.

ಮೊದಲಿಗೆ, ಗಿಟ್ ಅಂದರೆ ಏನು?

ಮನೆಯಲ್ಲಿ ಮದುವೆ. ಲಗ್ನಪತ್ರಿಕೆಯ ಕರಡು ತಯಾರಾಗಿದೆ. ನೀವು ಅದನ್ನು ದೊಡ್ಡಪ್ಪನಿಗೆ ಕಳಿಸುತ್ತೀರಿ, ಅವರು ತಾತನ ಹೆಸರಿನ ಮುಂದೆ ‘ದಿವಂಗತ’ ಸೇರಿಸಿ ವಾಪಸ್ ಕಳಿಸುತ್ತಾರೆ. ಅದೇ ಹೊತ್ತಿಗೆ ಸೋದರಮಾವ ಮುಹೂರ್ತದ ಸಮಯ ತಿದ್ದಿ ಇನ್ನೊಂದು ಪ್ರತಿ ಕಳಿಸಿರುತ್ತಾರೆ. ನಿಮ್ಮ ಫೋನಿನಲ್ಲಿ ಈಗ ‘ಪತ್ರಿಕೆ ಫೈನಲ್’, ‘ಪತ್ರಿಕೆ ಫೈನಲ್ 2’, ‘ಪತ್ರಿಕೆ ಇದೇ ಫೈನಲ್’ ಎಂಬ ಮೂರು ಫೈಲುಗಳು. ಪ್ರೆಸ್ಸಿಗೆ ಹೋಗಿದ್ದು ಯಾವುದು? ಮುಹೂರ್ತ ತಿದ್ದಿದ್ದರಲ್ಲಿ ‘ದಿವಂಗತ’ ಬಂದಿದೆಯೇ? ಯಾರು, ಯಾವಾಗ, ಏನನ್ನು ಬದಲಿಸಿದರು?

ಈ ಗೋಜಲನ್ನು ಬಿಡಿಸುವ ಸಾಫ್ಟ್‌ವೇರ್‌ಗಳಿಗೆ ‘ಆವೃತ್ತಿ ನಿಯಂತ್ರಣ’ ತಂತ್ರಾಂಶ ಎಂದು ಹೆಸರು. ಆಸ್ತಿಯ ದಾಖಲೆಯಲ್ಲಿ ಮ್ಯುಟೇಷನ್ ರಿಜಿಸ್ಟರ್ ಇರುತ್ತದಲ್ಲ, ಜಮೀನು ಯಾರಿಂದ ಯಾರಿಗೆ ಯಾವಾಗ ಹೋಯಿತು ಎಂದು ಸಾಲಾಗಿ ಬರೆದಿಡುವಂಥದ್ದು, ಇದೂ ಹಾಗೆಯೇ. ಪ್ರತಿ ಬದಲಾವಣೆಗೂ ಒಂದು ದಾಖಲೆ. ಹಳೆಯದು ಅಳಿಯುವುದಿಲ್ಲ. ಬೇಕೆಂದಾಗ ಹಿಂದಿನ ಯಾವ ದಿನದ ಪ್ರತಿಯನ್ನಾದರೂ ಹಾಗೇ ಎತ್ತಿ ನೋಡಬಹುದು. ಕನ್ನಡ ವಿಕಿಪೀಡಿಯದ ಯಾವುದೇ ಲೇಖನದ ‘ಇತಿಹಾಸ’ ಪುಟವನ್ನು ತೆರೆದರೆ ಇದೇ ತತ್ವ ಕಾಣುತ್ತದೆ.

ಲಗ್ನಪತ್ರಿಕೆಯನ್ನು ನಾಲ್ಕು ಜನ ತಿದ್ದಿದರೆ ಇಷ್ಟು ಗೊಂದಲ. ಸಾವಿರಾರು ಫೈಲುಗಳಿರುವ ಒಂದು ಸಾಫ್ಟ್‌ವೇರನ್ನು ಬೇರೆ ಬೇರೆ ದೇಶಗಳಲ್ಲಿ ಕೂತ ಸಾವಿರಾರು ಜನ ಒಟ್ಟಿಗೆ ತಿದ್ದಿದರೆ? ಗಿಟ್ ಹುಟ್ಟಿದ್ದು ಅಂಥದ್ದೊಂದು ಕೆಲಸಕ್ಕಾಗಿ. ಆ ಸಾಫ್ಟ್‌ವೇರ್ ಲಿನಕ್ಸ್ ಕರ್ನಲ್. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರ ತಿರುಳಿನಲ್ಲಿ ಇರುವುದೂ ಲಿನಕ್ಸ್ ಕರ್ನಲ್ಲೇ. ಆಂಡ್ರಾಯ್ಡ್‌ನ ಮೂಲ ಕೋಡ್ ಇಟ್ಟಿರುವುದೂ ಗಿಟ್‌ನಲ್ಲೇ. ಹಾಗಾಗಿ ನೀವು ಕೋಡ್ ಬರೆಯದಿದ್ದರೂ ಈ ಕಥೆ ನಿಮ್ಮ ಜೇಬಿನಲ್ಲಿದೆ.

ಗಿಟ್‌ಗೂ ಮೊದಲು ಏನಿತ್ತು?

ಸಂದೇಶ ಓದಿದರೆ, ಅದುವರೆಗೆ ಯಾರಿಗೂ ಈ ವಿಚಾರ ಹೊಳೆದೇ ಇರಲಿಲ್ಲ ಅನಿಸುತ್ತದೆ. ನಿಜ ಹಾಗಿಲ್ಲ.

1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬವರು ‘ಎಸ್‌ಸಿಸಿಎಸ್’ ಎಂಬ ವ್ಯವಸ್ಥೆ ಕಟ್ಟಿದರು. ಒಂದು ಫೈಲಿನ ಹಳೆಯ ರೂಪಗಳನ್ನೆಲ್ಲ ಜೋಪಾನವಾಗಿ ಇಡುವ ಕೆಲಸ ಅಲ್ಲಿಂದಲೇ ಶುರು. 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ‘ಆರ್‌ಸಿಎಸ್’ ಎಂಬುದನ್ನು ತಂದರು. ಇವೆರಡರಲ್ಲೂ ಒಂದು ತೊಡಕಿತ್ತು. ಒಬ್ಬರು ಫೈಲನ್ನು ತಿದ್ದಲು ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತಿತ್ತು. ಅವರು ವಾಪಸ್ ಇಡುವವರೆಗೆ ಉಳಿದವರು ಕಾಯಬೇಕು. ದೊಡ್ಡಪ್ಪ ಪತ್ರಿಕೆ ನೋಡಿ ಮುಗಿಸುವವರೆಗೆ ಮಾವ ಕೈ ಹಾಕುವಂತಿಲ್ಲ ಅಂದ ಹಾಗೆ.

ಆ ಬೀಗದಿಂದ ಪಾರಾಗುವ ದಾರಿ ಹೊಳೆದದ್ದು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಲ್ಲಿನ ಅಧ್ಯಾಪಕ ಡಿಕ್ ಗ್ರೂನ್ ಇಬ್ಬರು ವಿದ್ಯಾರ್ಥಿಗಳ ಜೊತೆ ಒಂದು ಕಂಪೈಲರ್ ಬರೆಯುತ್ತಿದ್ದರು. ಮೂವರ ದಿನಚರಿಯೂ ಬೇರೆ ಬೇರೆ. ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದು ಆಗದ ಮಾತು. ಹಾಗಾಗಿ ಎಲ್ಲರೂ ಒಟ್ಟಿಗೇ ತಿದ್ದಬಹುದಾದ, ಆಮೇಲೆ ಬದಲಾವಣೆಗಳನ್ನು ಬೆಸೆಯಬಹುದಾದ ಸಣ್ಣ ಸಣ್ಣ ಸ್ಕ್ರಿಪ್ಟ್‌ಗಳನ್ನು ಬರೆದು 1986ರಲ್ಲಿ ಎಲ್ಲರಿಗೂ ಹಂಚಿಬಿಟ್ಟರು. ‘ಸಿವಿಎಸ್’ ಹುಟ್ಟಿದ್ದು ಹೀಗೆ. ಬ್ರಯಾನ್ ಬರ್ಲಿನರ್ 1989ರಲ್ಲಿ ಅದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು, 1990ರ ನವೆಂಬರ್‌ನಲ್ಲಿ ಅದರ 1.0 ಆವೃತ್ತಿ ಬಂತು. ಮುಂದಿನ ಹತ್ತು ವರ್ಷ ಓಪನ್ ಸೋರ್ಸ್ ಲೋಕದ ಹೆಚ್ಚಿನ ಕೆಲಸ ಅದರ ಮೇಲೆಯೇ ನಡೆಯಿತು.

ಸಿವಿಎಸ್‌ನಲ್ಲೂ ಕೊರತೆಗಳಿದ್ದವು. ಫೈಲಿನ ಹೆಸರು ಬದಲಿಸಿದರೆ ಅದರ ಚರಿತ್ರೆ ತುಂಡಾಗುತ್ತಿತ್ತು. ಹತ್ತು ಫೈಲುಗಳನ್ನು ಒಟ್ಟಿಗೆ ಸೇರಿಸುವಾಗ ನಡುವೆ ಸಂಪರ್ಕ ಕಡಿದರೆ ಐದು ಸೇರಿ ಐದು ಹೊರಗೇ ಉಳಿಯುತ್ತಿದ್ದವು. ಇವನ್ನು ಸರಿಪಡಿಸಲು 2000ದಲ್ಲಿ ‘ಸಬ್‌ವರ್ಷನ್’ ಯೋಜನೆ ಶುರುವಾಯಿತು. ತನ್ನ ಕೋಡನ್ನು ತಾನೇ ನೋಡಿಕೊಳ್ಳುವ ಮಟ್ಟಕ್ಕೆ ಬರಲು ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. 1.0 ಆವೃತ್ತಿ ಬಂದಿದ್ದು 2004ರ ಫೆಬ್ರುವರಿ 23ರಂದು.

ಅಷ್ಟರಲ್ಲಿ ಇನ್ನೊಂದು ಯೋಚನೆಯೂ ಬೆಳೆಯುತ್ತಿತ್ತು. ಎಲ್ಲ ಚರಿತ್ರೆಯೂ ಒಂದೇ ಕೇಂದ್ರ ಸರ್ವರ್‌ನಲ್ಲಿ ಏಕಿರಬೇಕು? ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಚರಿತ್ರೆ ಇದ್ದರೆ? 2005ಕ್ಕೂ ಮೊದಲೇ ಹೊರಬಂದಿದ್ದ ಆರ್ಚ್, ಡಾರ್ಕ್ಸ್, ಮೊನೊಟೋನ್ ಎಂಬ ಓಪನ್ ಸೋರ್ಸ್ ತಂತ್ರಾಂಶಗಳು ಇದನ್ನೇ ಮಾಡುತ್ತಿದ್ದವು. ಮುಖ್ಯವಾಗಿ, ಪ್ರತಿ ಫೈಲಿಗೂ ಅದರ ಒಳಗಿನ ವಿಷಯದಿಂದಲೇ ಒಂದು ‘ಬೆರಳಚ್ಚು’ ತೆಗೆದು ಅದನ್ನೇ ಹೆಸರಾಗಿಸುವ ಉಪಾಯ ಮೊನೊಟೋನ್‌ನಲ್ಲಿ ಆಗಲೇ ಇತ್ತು. ಗಿಟ್ ಶುರುವಾದ ದಿನಗಳಲ್ಲಿ ಟೊರ್ವಾಲ್ಡ್ಸ್ ತಮ್ಮ ಸಹೋದ್ಯೋಗಿಗಳಿಗೆ ಮೊನೊಟೋನ್ ಕಡೆ ಒಮ್ಮೆ ನೋಡಿ ಎಂದು ಹೇಳಿದ್ದರು. ಅದರ ವೇಗ ಮಾತ್ರ ಕರ್ನಲ್ ಕೆಲಸಕ್ಕೆ ಸಾಲುತ್ತಿರಲಿಲ್ಲ.

2005ರ ಏಪ್ರಿಲ್‌ನಲ್ಲಿ ಆಗಿದ್ದೇನು?

1991ರಲ್ಲಿ ಶುರುವಾದ ಲಿನಕ್ಸ್ ಕರ್ನಲ್‌ಗೆ ಮೊದಲ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥ ಯಾವ ತಂತ್ರಾಂಶವೂ ಇರಲಿಲ್ಲ. ಜನ ತಮ್ಮ ತಿದ್ದುಪಡಿಗಳನ್ನು, ಅಂದರೆ ‘ಪ್ಯಾಚ್’ಗಳನ್ನು, ಇಮೇಲ್ ಮಾಡುತ್ತಿದ್ದರು. ಟೊರ್ವಾಲ್ಡ್ಸ್ ಅವನ್ನು ಕೈಯಾರೆ ಸೇರಿಸುತ್ತಿದ್ದರು. 2002ರಲ್ಲಿ ಅವರು ‘ಬಿಟ್‌ಕೀಪರ್’ ಎಂಬ ತಂತ್ರಾಂಶಕ್ಕೆ ಬದಲಾದರು. ಲ್ಯಾರಿ ಮೆಕ್‌ವಾಯ್ ಅವರ ಕಂಪನಿಯ ಈ ತಂತ್ರಾಂಶ ಓಪನ್ ಸೋರ್ಸ್ ಆಗಿರಲಿಲ್ಲ. ಕರ್ನಲ್ ಬರೆಯುವವರಿಗೆ ಷರತ್ತಿನ ಮೇಲೆ ಬಿಟ್ಟಿಯಾಗಿ ಕೊಟ್ಟಿದ್ದರು. ಹಾಗೆ ಬಿಟ್ಟಿಯಾಗಿ ಬಳಸುವವರು ಅದಕ್ಕೆ ಪೈಪೋಟಿ ಕೊಡುವ ತಂತ್ರಾಂಶದ ಮೇಲೆ ಕೆಲಸ ಮಾಡುವಂತಿಲ್ಲ ಎಂಬುದು ಅಂಥ ಒಂದು ಷರತ್ತು. ಇದನ್ನು ಹಲವರು ಆಗಲೇ ವಿರೋಧಿಸಿದ್ದರು.

ಮೂರು ವರ್ಷ ಹಾಗೇ ನಡೆಯಿತು. ಆಗ ‘ಸಾಂಬಾ’ ಎಂಬ ಓಪನ್ ಸೋರ್ಸ್ ಯೋಜನೆಯಿಂದ ಹೆಸರಾಗಿದ್ದ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, ಬಿಟ್‌ಕೀಪರ್ ಸರ್ವರ್ ಜೊತೆ ಮಾತಾಡಬಲ್ಲ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಹೊರಟರು. ಇದು ತನ್ನ ತಂತ್ರಾಂಶದ ಗುಟ್ಟನ್ನು ಬಗೆದು ನೋಡುವ ಕೆಲಸ ಎಂದು ಕಂಪನಿ ಆಕ್ಷೇಪಿಸಿತು. ಬಿಟ್ಟಿ ಆವೃತ್ತಿಯನ್ನು ಹಿಂದಕ್ಕೆ ಪಡೆಯುವುದಾಗಿ ಘೋಷಿಸಿತು. ಅದೇ ಏಪ್ರಿಲ್‌ನಲ್ಲಿ ಕ್ಯಾನ್‌ಬೆರಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದಲ್ಲಿ ಟ್ರಿಜೆಲ್ ತಾವು ಮಾಡಿದ್ದು ಎಷ್ಟು ಸರಳ ಎಂದು ಎಲ್ಲರೆದುರು ತೋರಿಸಿದರು. ಟೆಲ್ನೆಟ್ ಮೂಲಕ ಸರ್ವರ್‌ಗೆ ಸಂಪರ್ಕ ಮಾಡಿ ‘ಹೆಲ್ಪ್’ ಎಂದು ಟೈಪ್ ಮಾಡಿದರೆ, ಸರ್ವರೇ ತನ್ನ ಆದೇಶಗಳ ಪಟ್ಟಿ ಕೊಡುತ್ತಿತ್ತು.

ಯಾರದು ಸರಿ ಎಂಬ ಜಗಳ ಏನೇ ಇರಲಿ, ಸಾವಿರಾರು ಜನರ ಕೆಲಸ ನಡುನೀರಿನಲ್ಲಿ ನಿಂತಿತು. ದುಡ್ಡು ಕೊಡದೆ ಸಿಕ್ಕಿದ್ದೇ ಬೇರೆ, ಸ್ವಂತ ಹಕ್ಕಿನಿಂದ ಬಳಸುವುದೇ ಬೇರೆ ಎಂಬುದು ಎಲ್ಲರಿಗೂ ಅರ್ಥವಾದ ಗಳಿಗೆ ಅದು.

ಸಿಟ್ಟಿನ ಭರದಲ್ಲಿ ಇದ್ದಕ್ಕಿದ್ದಂತೆ ಕೂತು ಬರೆದರು ಎಂಬುದೂ ಪೂರ್ತಿ ಸರಿಯಲ್ಲ. ಹೀಗೇನೋ ಆಗಲಿದೆ ಎಂಬ ಸುಳಿವು ಮೊದಲೇ ಇತ್ತು. ಕೋಡ್ ಬರೆಯುವ ಕೆಲವು ತಿಂಗಳು ಮೊದಲಿಂದಲೇ ತಲೆಯಲ್ಲಿ ಯೋಚನೆ ಓಡುತ್ತಿತ್ತು ಎಂದು ಟೊರ್ವಾಲ್ಡ್ಸ್ ಅವರೇ ಹೇಳಿಕೊಂಡಿದ್ದಾರೆ. ಹತ್ತು ದಿನ ಎಂಬುದು ಬೆರಳು ಓಡಿಸಿದ ಲೆಕ್ಕ, ತಲೆ ಓಡಿಸಿದ ಲೆಕ್ಕವಲ್ಲ.

ದಿನದ ಲೆಕ್ಕ

• ಏಪ್ರಿಲ್ 3: ಗಿಟ್ ಬರೆಯುವ ಕೆಲಸ ಶುರು.
• ಏಪ್ರಿಲ್ 6: ಕರ್ನಲ್ ಬಳಗಕ್ಕೆ ಸುದ್ದಿ ತಿಳಿಸಿದ್ದು.
• ಏಪ್ರಿಲ್ 7: ಗಿಟ್ ತನ್ನದೇ ಕೋಡನ್ನು ತಾನೇ ದಾಖಲಿಸಿಕೊಂಡಿತು.
• ಏಪ್ರಿಲ್ 16: ಲಿನಕ್ಸ್ ಕರ್ನಲ್‌ನ ಹದಿನೇಳು ಸಾವಿರಕ್ಕೂ ಹೆಚ್ಚು ಫೈಲುಗಳನ್ನು ಗಿಟ್‌ಗೆ ತುಂಬಿದರು.
• ಏಪ್ರಿಲ್ 18: ಬೇರೆ ಬೇರೆ ಕವಲುಗಳ ಕೆಲಸವನ್ನು ಮೊದಲ ಬಾರಿಗೆ ಬೆಸೆದದ್ದು.
• ಏಪ್ರಿಲ್ 29: ಸೆಕೆಂಡಿಗೆ 6.7 ಪ್ಯಾಚ್‌ಗಳ ವೇಗದಲ್ಲಿ ಕರ್ನಲ್ ಬದಲಾವಣೆಗಳನ್ನು ದಾಖಲಿಸಿದ್ದು.
• ಜೂನ್: ಗಿಟ್ ಬಳಸಿ ಕರ್ನಲ್‌ನ 2.6.12 ಆವೃತ್ತಿ ಬಿಡುಗಡೆ.
• ಜುಲೈ 26: ಗಿಟ್‌ನ ಹೊಣೆ ಜೂನಿಯೊ ಹಮಾನೊ ಅವರ ಕೈಗೆ.
• ಡಿಸೆಂಬರ್ 21: ಗಿಟ್ 1.0 ಬಿಡುಗಡೆ.

ಏಪ್ರಿಲ್ 7ರ ದಾಖಲೆ ಈಗಲೂ ಗಿಟ್‌ನ ಒಳಗೇ ಇದೆ. ಗಿಟ್‌ನ ಕೋಡನ್ನು ಇಳಿಸಿಕೊಂಡು ಅದರ ಚರಿತ್ರೆಯ ಬುಡಕ್ಕೆ ಹೋದರೆ, ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಮಧ್ಯಾಹ್ನ 3 ಗಂಟೆ 13 ನಿಮಿಷಕ್ಕೆ ಆದ ಮೊದಲ ದಾಖಲೆ ಕಾಣುತ್ತದೆ. ನಮ್ಮಲ್ಲಿ ಆಗ ಮರುದಿನ ಬೆಳಗಿನ ಜಾವ 3 ಗಂಟೆ 43 ನಿಮಿಷ. ಟೊರ್ವಾಲ್ಡ್ಸ್ ಅದಕ್ಕೆ ಬರೆದ ಟಿಪ್ಪಣಿಯೂ ತಮಾಷೆಯದು: ಗಿಟ್ ಅಂದರೆ ನರಕದಿಂದ ಬಂದ ಮಾಹಿತಿ ವ್ಯವಸ್ಥಾಪಕ ಎಂಬರ್ಥದ ಸಾಲು ಅದು. ಹೆಸರಿನದೂ ಅದೇ ಕಥೆ. ಬ್ರಿಟಿಷ್ ಆಡುಮಾತಿನಲ್ಲಿ ‘ಗಿಟ್’ ಅಂದರೆ ಸಹಿಸಲಾಗದ ಮನುಷ್ಯ. ನನ್ನ ಕೆಲಸಗಳಿಗೆಲ್ಲ ನನ್ನದೇ ಹೆಸರಿಡುತ್ತೇನೆ, ಮೊದಲು ಲಿನಕ್ಸ್, ಈಗ ಗಿಟ್ ಎಂದು ಅವರು ತಮ್ಮನ್ನೇ ಗೇಲಿ ಮಾಡಿಕೊಂಡಿದ್ದರು.

ಮೊದಲ ಆವೃತ್ತಿಯಲ್ಲಿ ಏನಿತ್ತು, ಏನಿರಲಿಲ್ಲ?

ಆ ಮೊದಲ ದಾಖಲೆಯಲ್ಲಿ ಇದ್ದದ್ದು ಹನ್ನೊಂದೇ ಫೈಲು, ಸುಮಾರು ಸಾವಿರದ ಇನ್ನೂರು ಸಾಲು. ಅದರಲ್ಲಿ ಏಳು ಪುಟ್ಟ ಪ್ರೋಗ್ರಾಂಗಳಿದ್ದವು. ಒಂದು ಖಾಲಿ ಉಗ್ರಾಣ ತೆರೆಯಲು, ಒಂದು ಫೈಲನ್ನು ಒಳಗಿಡಲು, ಒಂದು ಆ ಹೊತ್ತಿನ ಪೂರ್ತಿ ಚಿತ್ರವನ್ನು ಬರೆದಿಡಲು, ಒಂದು ಅದಕ್ಕೆ ಟಿಪ್ಪಣಿ ಸೇರಿಸಿ ‘ಕಮಿಟ್’ ಮಾಡಲು, ಉಳಿದವು ಇಟ್ಟಿದ್ದನ್ನು ಓದಿ ನೋಡಲು ಮತ್ತು ವ್ಯತ್ಯಾಸ ತೋರಿಸಲು.

ಇಂದು ಕೋಡ್ ಕಲಿಯುವ ಪ್ರತಿಯೊಬ್ಬರೂ ಮೊದಲ ವಾರದಲ್ಲೇ ಟೈಪ್ ಮಾಡುವ ‘ಗಿಟ್’ ಎಂಬ ಆದೇಶವೇ ಅದರಲ್ಲಿ ಇರಲಿಲ್ಲ. ಹಳೆಯ ದಾಖಲೆಗಳನ್ನು ಪಟ್ಟಿಯಾಗಿ ತೋರಿಸುವ ‘ಲಾಗ್’ ಇರಲಿಲ್ಲ. ಕವಲು ಮಾಡುವ ‘ಬ್ರಾಂಚ್’, ಬೆಸೆಯುವ ‘ಮರ್ಜ್’, ಬೇರೆಯವರಿಂದ ತರಿಸಿಕೊಳ್ಳುವ ‘ಪುಲ್’ ಯಾವುದೂ ಇರಲಿಲ್ಲ. ಮನೆಗೆ ಅಡಿಪಾಯ ಹಾಕಿ ನಾಲ್ಕು ಕಂಬ ನಿಲ್ಲಿಸಿದ ಹಾಗೆ ಅದು. ಅಡಿಪಾಯ ಗಟ್ಟಿ ಇತ್ತು, ನಿಜ. ಆದರೆ ಸಂಸಾರ ಹೂಡುವಂತಿರಲಿಲ್ಲ.

ಅಡಿಪಾಯ ಯಾಕೆ ಗಟ್ಟಿ ಎಂದರೆ, ಮೇಲೆ ಹೇಳಿದ ಬೆರಳಚ್ಚಿನ ಉಪಾಯ. ‘ಎಸ್‌ಎಚ್‌ಎ-1’ ಎಂಬ ಗಣಿತ ವಿಧಾನಕ್ಕೆ ಯಾವುದೇ ಫೈಲನ್ನು ಕೊಟ್ಟರೆ 40 ಅಕ್ಷರ-ಅಂಕಿಗಳ ಒಂದು ಸರಣಿ ಬರುತ್ತದೆ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸರಣಿ ಪೂರ್ತಿ ಬೇರೆಯಾಗುತ್ತದೆ. ಗಿಟ್‌ನಲ್ಲಿ ಪ್ರತಿ ದಾಖಲೆಯ ಬೆರಳಚ್ಚಿನಲ್ಲಿ ಅದರ ಹಿಂದಿನ ದಾಖಲೆಯ ಬೆರಳಚ್ಚೂ ಸೇರಿರುತ್ತದೆ. ಹಾಗಾಗಿ ಐದು ವರ್ಷ ಹಿಂದಿನ ಒಂದು ಸಾಲನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ, ಅಲ್ಲಿಂದ ಮುಂದಿನ ಎಲ್ಲ ಬೆರಳಚ್ಚುಗಳೂ ತಾಳೆಯಾಗದೆ ಸಿಕ್ಕಿಬೀಳುತ್ತಾರೆ. ಡಿಸ್ಕ್ ಕೆಟ್ಟು ಒಂದು ಅಕ್ಷರ ಹಾಳಾದರೂ ಗೊತ್ತಾಗುತ್ತದೆ.

ಇಷ್ಟು ಮುಖ್ಯವಾದ ಜಾಗದಲ್ಲೇ ಮೊದಲ ರೂಪದಲ್ಲಿ ಒಂದು ಎಡವಟ್ಟು ಉಳಿದಿತ್ತು. ಗಿಟ್ ಫೈಲನ್ನು ಮೊದಲು ಕುಗ್ಗಿಸಿ, ಆ ಕುಗ್ಗಿದ ರೂಪದಿಂದ ಬೆರಳಚ್ಚು ತೆಗೆಯುತ್ತಿತ್ತು. ಕುಗ್ಗಿಸುವ ವಿಧಾನ ನಾಳೆ ಸ್ವಲ್ಪ ಬದಲಾದರೆ ಅದೇ ಫೈಲಿಗೆ ಬೇರೆ ಬೆರಳಚ್ಚು ಬರುವ ಅಪಾಯ. ಅಂಗಿ ಮಡಿಸಿದ ರೀತಿ ನೋಡಿ ಅಂಗಿ ಯಾರದು ಎಂದು ಹೇಳಿದ ಹಾಗೆ. ಏಪ್ರಿಲ್ 20ರಂದು, ಅಂದರೆ ಹದಿನೇಳನೇ ದಿನದ ಆಸುಪಾಸಿನಲ್ಲಿ, ಇದನ್ನು ತಿದ್ದಿ ಕುಗ್ಗಿಸುವ ಮೊದಲೇ ಬೆರಳಚ್ಚು ತೆಗೆಯುವಂತೆ ಮಾಡಿದರು. ಅದುವರೆಗೆ ಇಟ್ಟಿದ್ದ ದಾಖಲೆಗಳ ಹೆಸರುಗಳೆಲ್ಲ ಬದಲಾಗಬೇಕಾಯಿತು. ಬಳಸುವವರು ಬೆರಳೆಣಿಕೆಯಷ್ಟು ಇದ್ದಿದ್ದರಿಂದ ನಡೆಯಿತು. ಎರಡು ವರ್ಷ ಬಿಟ್ಟು ಗೊತ್ತಾಗಿದ್ದರೆ ದೊಡ್ಡ ಫಜೀತಿಯೇ ಆಗುತ್ತಿತ್ತು. ಹತ್ತನೇ ದಿನಕ್ಕೆ ‘ಎಲ್ಲ ಸಿದ್ಧ’ ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಇನ್ನೊಂದು ತೊಂದರೆ ಜಾಗದ್ದು. ಆರಂಭದಲ್ಲಿ ಗಿಟ್ ಪ್ರತಿ ಬದಲಾವಣೆಗೂ ಫೈಲಿನ ಪೂರ್ತಿ ಹೊಸ ಪ್ರತಿಯನ್ನೇ ಬೇರೆಯಾಗಿ ಇಡುತ್ತಿತ್ತು. ಕರ್ನಲ್‌ನ ಹಳೆಯ ಚರಿತ್ರೆಯನ್ನೆಲ್ಲ ಹಾಗೆ ತುಂಬಿದರೆ 3.2 ಗಿಗಾಬೈಟ್ ಆಗುತ್ತದೆಂಬ ಅಂದಾಜಿತ್ತು. ಅದಕ್ಕೇ ಏಪ್ರಿಲ್ 16ರಂದು ಹಳೆಯದನ್ನೆಲ್ಲ ಬದಿಗಿಟ್ಟು ಅಂದಿನ ಸ್ಥಿತಿಯಿಂದ ಹೊಸದಾಗಿ ಶುರು ಮಾಡಿದರು. ದಾಖಲೆಗಳನ್ನು ಒತ್ತೊತ್ತಾಗಿ ಜೋಡಿಸಿ ಜಾಗ ಉಳಿಸುವ ‘ಪ್ಯಾಕ್’ ವಿಧಾನ ಬಂದಿದ್ದು ಜೂನ್‌ನಲ್ಲಿ.

ಒಬ್ಬರೇ ಮಾಡಿದರೇ?

ಇಲ್ಲ. ಸಂದೇಶ ಮರೆಮಾಚುವ ಅತಿ ಮುಖ್ಯ ಸಂಗತಿ ಇದೇ.

ಮೊದಲ ರೂಪ ಹೊರಬಿದ್ದ ಕೆಲವೇ ದಿನಗಳಲ್ಲಿ ಚೆಕ್ ದೇಶದ ಪೆಟ್ರ್ ಬೌಡಿಸ್, ಆ ಏಳು ಒರಟು ಪ್ರೋಗ್ರಾಂಗಳ ಮೇಲೆ ಮನುಷ್ಯರು ಬಳಸಬಹುದಾದ ಸ್ಕ್ರಿಪ್ಟ್‌ಗಳನ್ನು ಕಟ್ಟಿದರು. ಅದು ಮುಂದೆ ‘ಕೊಗಿಟೊ’ ಎಂಬ ಹೆಸರಿನಲ್ಲಿ ಬೆಳೆಯಿತು. ಆರಂಭದ ಬಳಕೆದಾರರಲ್ಲಿ ಹಲವರು ಗಿಟ್ ಮುಟ್ಟಿದ್ದು ಅದರ ಮೂಲಕವೇ. ಅದರ ಒಳ್ಳೆಯ ಅಂಶಗಳು ಗಿಟ್‌ಗೇ ಬಂದ ಮೇಲೆ ಕೊಗಿಟೊ ಮೂಲೆ ಸೇರಿತು. ಕೇ ಸಿವರ್ಸ್ ಎಂಬವರು ಚರಿತ್ರೆಯನ್ನು ಬ್ರೌಸರ್‌ನಲ್ಲಿ ನೋಡುವ ‘ಗಿಟ್‌ವೆಬ್’ ಬರೆದರು. ಪಾಲ್ ಮೆಕೆರಸ್ ಅದೇ ಚರಿತ್ರೆಯನ್ನು ಗೆರೆಗಳ ಚಿತ್ರವಾಗಿ ತೋರಿಸುವ ‘ಗಿಟ್‌ಕೆ’ ಬರೆದರು. ಇವೆರಡೂ ಗಿಟ್‌ನ ಭಾಗವಾದವು.

ಇನ್ನು ಜೂನಿಯೊ ಹಮಾನೊ. ಜಪಾನ್ ಮೂಲದ ಈ ಎಂಜಿನಿಯರ್ ಏಪ್ರಿಲ್‌ನಲ್ಲೇ ಪ್ಯಾಚ್ ಕಳಿಸಲು ಶುರು ಮಾಡಿದ್ದರು. ಅವರ ಕೆಲಸದ ಅಚ್ಚುಕಟ್ಟುತನ ನೋಡಿ ಟೊರ್ವಾಲ್ಡ್ಸ್ ಜುಲೈ 26ರಂದು ಇಡೀ ಯೋಜನೆಯನ್ನೇ ಅವರಿಗೆ ಒಪ್ಪಿಸಿ ಕರ್ನಲ್ ಕೆಲಸಕ್ಕೆ ಮರಳಿದರು. ಡಿಸೆಂಬರ್ 21ರ 1.0 ಆವೃತ್ತಿ ಬಂದಿದ್ದು ಹಮಾನೊ ಅವರ ಕೈಯಿಂದ. ಅದರ ನಂತರ ಇಪ್ಪತ್ತು ವರ್ಷಗಳ ಕಾಲ ಬಂದ ಆವೃತ್ತಿಗಳೂ ಅವರ ಉಸ್ತುವಾರಿಯಲ್ಲೇ ಬಂದವು. ಯಾವ ತಿದ್ದುಪಡಿ ಒಳಗೆ ಬರಬೇಕು, ಯಾವುದು ಬೇಡ ಎಂದು ದಿನವೂ ಕೂತು ನೋಡುವ ಕೆಲಸಕ್ಕೆ ಫಾರ್ವರ್ಡ್ ಆಗುವಂಥ ರೋಚಕತೆ ಇಲ್ಲ. ಆದರೆ ಗಿಟ್ ಉಳಿದಿದ್ದು ಅದರಿಂದ. ತಾವು ನೋಡಿಕೊಂಡಿದ್ದು ಕೆಲವೇ ತಿಂಗಳು, ನಿಜವಾದ ಶ್ರೇಯಸ್ಸು ಹಮಾನೊ ಅವರದು ಎಂದು ಟೊರ್ವಾಲ್ಡ್ಸ್ ಮತ್ತೆ ಮತ್ತೆ ಹೇಳಿದ್ದಾರೆ.

ಇನ್ನೂ ಒಂದು ವಿಷಯ. ಅದೇ ಏಪ್ರಿಲ್‌ನಲ್ಲಿ, ಅದೇ ಬಿಟ್‌ಕೀಪರ್ ಬಿಕ್ಕಟ್ಟಿಗೆ ಉತ್ತರವಾಗಿ ಇನ್ನೊಂದು ಓಪನ್ ಸೋರ್ಸ್ ತಂತ್ರಾಂಶವೂ ಹುಟ್ಟಿತು. ಕರ್ನಲ್ ಬಳಗದವರೇ ಆದ ಮ್ಯಾಕಾಲ್ ಏಪ್ರಿಲ್ 19ರಂದು ‘ಮರ್ಕ್ಯುರಿಯಲ್’ ಘೋಷಿಸಿದರು. ಅದೂ ಕೆಲವೇ ದಿನಗಳಲ್ಲಿ ಓಡುವ ಸ್ಥಿತಿಗೆ ಬಂದಿತ್ತು. ಮುಂದೆ ಫೇಸ್‌ಬುಕ್, ಮೊಜಿಲ್ಲಾದಂಥ ಸಂಸ್ಥೆಗಳೂ ಅದನ್ನು ಬಳಸಿದವು. ಒಂದೇ ತಿಂಗಳಲ್ಲಿ ಇಬ್ಬರು ಬೇರೆ ಬೇರೆಯಾಗಿ ಒಂದೇ ಬಗೆಯ ಉತ್ತರ ಕಟ್ಟಿದರು ಎಂದರೆ ಏನರ್ಥ? ಅದಕ್ಕೆ ಬೇಕಾದ ತಿಳಿವಳಿಕೆ ಮೊದಲೇ ಹದವಾಗಿತ್ತು. ಪ್ರತಿಭೆ ಬೇಕಿತ್ತು, ಹೌದು. ಆದರೆ ಉತ್ತ ನೆಲದಲ್ಲಿ ಬಿತ್ತಿದ ಬೆಳೆ ಅದು.

ಜೊತೆಗೇ ಕೇಳಿಬರುವ ಇನ್ನಷ್ಟು ತಪ್ಪು ಕಲ್ಪನೆಗಳು

‘ಗಿಟ್ ಮತ್ತು ಗಿಟ್‌ಹಬ್ ಎರಡೂ ಒಂದೇ.’ ಅಲ್ಲ. ಇಮೇಲ್‌ಗೂ ಜಿಮೇಲ್‌ಗೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ. ಗಿಟ್ ಒಂದು ತಂತ್ರಾಂಶ, ಯಾರ ಸ್ವತ್ತೂ ಅಲ್ಲದ ಹಾಗೆ ಮುಕ್ತವಾಗಿದೆ. ಗಿಟ್‌ಹಬ್ ಎಂಬುದು ಗಿಟ್ ದಾಖಲೆಗಳನ್ನು ಇಡಲು ಜಾಗ ಕೊಡುವ ಒಂದು ಕಂಪನಿಯ ಸೇವೆ. ಅದು ಶುರುವಾಗಿದ್ದು 2008ರಲ್ಲಿ, ಗಿಟ್ ಬಂದು ಮೂರು ವರ್ಷದ ಮೇಲೆ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು. ಅಂದರೆ ಮೈಕ್ರೋಸಾಫ್ಟ್ ಕೊಂಡಿದ್ದು ಗಿಟ್‌ಹಬ್ಬನ್ನು, ಗಿಟ್ಟನ್ನಲ್ಲ.

‘ಅಳಿಸಿದರೆ ಹೋಯಿತು.’ ಇದು ಅಪಾಯಕಾರಿ ನಂಬಿಕೆ. ಪಾಸ್‌ವರ್ಡ್ ಅಥವಾ ಬ್ಯಾಂಕ್ ಸೇವೆಯ ರಹಸ್ಯ ಕೀಲಿ ಇರುವ ಫೈಲನ್ನು ಗಿಟ್‌ಗೆ ಹಾಕಿ, ಆಮೇಲೆ ಎಚ್ಚೆತ್ತು ಅಳಿಸಿದರೂ ಹಳೆಯ ದಾಖಲೆಯಲ್ಲಿ ಅದು ಹಾಗೇ ಇರುತ್ತದೆ. ಹಳೆಯದನ್ನು ಬಿಡದೆ ಇಡುವುದೇ ಗಿಟ್‌ನ ಕೆಲಸ. ಹಾಗೇನಾದರೂ ಆದರೆ ಮೊದಲು ಮಾಡಬೇಕಾದ್ದು ಆ ಪಾಸ್‌ವರ್ಡನ್ನೇ ಬದಲಿಸುವುದು. ನಿಮ್ಮ ಮನೆಯಲ್ಲಿ ಕೋಡಿಂಗ್ ಕಲಿಯುವ ಮಕ್ಕಳಿದ್ದರೆ ಈ ಒಂದು ಮಾತನ್ನಾದರೂ ತಪ್ಪದೆ ತಿಳಿಸಿ.

‘ಗಿಟ್‌ನ ಬೆರಳಚ್ಚನ್ನು ಯಾರೂ ನಕಲು ಮಾಡಲಾರರು.’ 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು, ಒಂದೇ ಎಸ್‌ಎಚ್‌ಎ-1 ಬೆರಳಚ್ಚು ಬರುವ ಎರಡು ಬೇರೆ ಬೇರೆ ಪಿಡಿಎಫ್ ಫೈಲುಗಳನ್ನು ತಯಾರಿಸಿ ತೋರಿಸಿದರು. ಅದಕ್ಕೆ ಅಪಾರ ಕಂಪ್ಯೂಟರ್ ಶಕ್ತಿ ಬೇಕಾಯಿತು. ಅದೇ ವರ್ಷ ಗಿಟ್ ಇಂಥ ಮೋಸವನ್ನು ಪತ್ತೆ ಹಚ್ಚುವ ರೂಪಕ್ಕೆ ಬದಲಾಯಿತು. 2020ರಲ್ಲಿ ಇನ್ನೂ ಬಲವಾದ ‘ಎಸ್‌ಎಚ್‌ಎ-256’ ಬಳಸುವ ಅವಕಾಶವನ್ನು ಪ್ರಾಯೋಗಿಕವಾಗಿ ಸೇರಿಸಿತು. ಮೊದಲ ವಾರದಲ್ಲಿ ಮಾಡಿದ ಒಂದು ಆಯ್ಕೆಯನ್ನು ಬದಲಿಸುವ ಕೆಲಸ ಹದಿನೈದು ವರ್ಷದ ನಂತರವೂ ನಡೆಯುತ್ತಿತ್ತು ಎಂಬುದನ್ನು ಗಮನಿಸಿ.

‘ಬಿಟ್ಟಿ ಸಿಕ್ಕರೆ ಅದೇ ಓಪನ್ ಸೋರ್ಸ್.’ ಅಲ್ಲ ಎಂಬುದಕ್ಕೆ ಬಿಟ್‌ಕೀಪರ್ ಕಥೆಯೇ ಸಾಕ್ಷಿ. ಅದಕ್ಕೆ ದುಡ್ಡು ಕೊಡಬೇಕಿರಲಿಲ್ಲ, ಆದರೆ ಅನುಮತಿ ಕಂಪನಿಯ ಕೈಯಲ್ಲಿತ್ತು. ಓಪನ್ ಸೋರ್ಸ್‌ನಲ್ಲಿ ಕೋಡ್ ಎಲ್ಲರ ಮುಂದಿರುತ್ತದೆ. ಒಬ್ಬರು ಕೈಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು. ಟೊರ್ವಾಲ್ಡ್ಸ್ ಅವರಿಂದ ಹಮಾನೊ ಅವರಿಗೆ ಗಿಟ್ ದಾಟಿದ್ದು ಅಷ್ಟು ಸಲೀಸಾಗಿದ್ದು ಇದರಿಂದಲೇ. ಅಂದ ಹಾಗೆ, 2016ರಲ್ಲಿ ಬಿಟ್‌ಕೀಪರ್ ಕೂಡ ಓಪನ್ ಸೋರ್ಸ್ ಆಯಿತು. ಅಷ್ಟರಲ್ಲಿ ಜಗತ್ತು ಗಿಟ್ ಕಡೆ ಹೊರಳಿಯಾಗಿತ್ತು.

ಒಟ್ಟಾರೆ ನಮ್ಮ ತೀರ್ಮಾನ

• ‘ಹತ್ತು ದಿನದಲ್ಲಿ ಗಿಟ್ ಹುಟ್ಟಿತು’: ಅರ್ಧ ನಿಜ. ಬಳಸಬಹುದಾದ ಒಂದು ಬೀಜರೂಪ ಅಷ್ಟರೊಳಗೆ ಓಡುತ್ತಿತ್ತು. 1.0 ಆವೃತ್ತಿಗೆ ಎಂಟೂವರೆ ತಿಂಗಳು ಬೇಕಾಯಿತು.
• ‘ಒಬ್ಬರೇ ಬರೆದರು’: ತಪ್ಪು. ಮೊದಲ ಸಾವಿರದ ಇನ್ನೂರು ಸಾಲು ಒಬ್ಬರದು. ಜಗತ್ತು ಬಳಸುತ್ತಿರುವ ಗಿಟ್ ಹಲವರದು.
• ‘ಅಂಥದ್ದು ಅದುವರೆಗೆ ಇರಲಿಲ್ಲ’: ತಪ್ಪು. 1972ರಿಂದಲೂ ಒಂದರ ಮೇಲೊಂದು ಪ್ರಯತ್ನ ನಡೆದಿತ್ತು.
• ‘ಸಿಟ್ಟಿನಿಂದ ದಿಢೀರನೆ ಬರೆದರು’: ಅರ್ಧ ನಿಜ. ಬಿಕ್ಕಟ್ಟು ನಿಜ, ಯೋಚನೆ ಮಾತ್ರ ಹಳೆಯದು.

ಇದರಿಂದ ಟೊರ್ವಾಲ್ಡ್ಸ್ ಅವರ ಸಾಧನೆ ಸಣ್ಣದಾಗುವುದಿಲ್ಲ. ನಾಲ್ಕೇ ದಿನದಲ್ಲಿ ತನ್ನನ್ನು ತಾನೇ ದಾಖಲಿಸಿಕೊಳ್ಳುವ ಅಡಿಪಾಯ ಹಾಕುವುದು ಎಲ್ಲರಿಂದ ಆಗುವ ಕೆಲಸವಲ್ಲ. ಆದರೆ ಅವರು ಅಷ್ಟು ಬೇಗ ಹೊರಬಿಟ್ಟಿದ್ದು ಕೆಲಸ ಮುಗಿದಿತ್ತು ಎಂದಲ್ಲ. ಕೊರತೆಗಳಿದ್ದ ರೂಪವನ್ನೇ ನಾಲ್ಕು ಜನರ ಮುಂದಿಟ್ಟರು. ತಪ್ಪುಗಳು ಬೇಗ ಕಂಡವು, ಬೇಗ ತಿದ್ದಿಕೊಂಡವು, ತಿದ್ದಲು ಜನ ಬಂದರು.

ಕೋಡಿಂಗ್ ಕಲಿಯಲು ಶುರು ಮಾಡಿ, ‘ನನ್ನ ಪ್ರೋಗ್ರಾಂ ಇನ್ನೂ ಅರೆಬರೆ, ಯಾರಿಗೂ ತೋರಿಸುವಂತಿಲ್ಲ’ ಎಂದು ಹಿಂಜರಿಯುವವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಹತ್ತು ದಿನದ ಪವಾಡದ ಬದಲು ಅವರಿಗೆ ಈ ಕಥೆ ಕಳಿಸಿ. ಜಗತ್ತಿನ ಅತಿ ಹೆಚ್ಚು ಬಳಕೆಯ ತಂತ್ರಾಂಶಗಳಲ್ಲಿ ಒಂದು, ತನ್ನ ಮೊದಲ ದಿನ ‘ಲಾಗ್’ ಕೂಡ ಇಲ್ಲದೆ, ಏಳು ಪುಟ್ಟ ಪ್ರೋಗ್ರಾಂಗಳಾಗಿ ಹೊರಗೆ ಬಂದಿತ್ತು. ಅದರ ಮೊದಲ ದಿನದ ಆ ಅರೆಬರೆ ರೂಪ ಈಗಲೂ ಅದರ ಚರಿತ್ರೆಯ ಬುಡದಲ್ಲಿ ಭದ್ರವಾಗಿದೆ, ಯಾರು ಬೇಕಾದರೂ ಹೋಗಿ ನೋಡಬಹುದು.